ಯಾಲಕ್ಕಿ ಕುಟ್ಟಿದ ಗೇಜು

ವಿಮಾನದ ಕೆಲಸಕ್ಕೆ ಸೇರುವವರು ಆಕಾಶ ನೋಡುತ್ತ ಬರುತ್ತಾರೆ. ನಾನು ಇಪ್ಪತ್ತೆರಡು ವರ್ಷ ನೋಡಿದ್ದು ನೆಲವನ್ನು. ಮಶೀನಿನ ಬುಡದಲ್ಲಿ ಹೊಳೆಯುತ್ತಿರುವುದು ಲೋಹದ ಚೂರೋ, ಬಿದ್ದ ಸ್ಕ್ರೂವೋ, ಯಾರದೋ ಅಂಗಿಯ ಗುಂಡಿಯೋ ಎಂದು ಬಗ್ಗಿ ನೋಡುವುದೇ ನಮ್ಮ ವಿಭಾಗದ ಮುಖ್ಯ ವ್ಯಾಯಾಮ. ನಿವೃತ್ತನಾಗಿ ಎರಡು ವರ್ಷವಾದರೂ ಖಾನಾಪುರದ ಸಂತೆಯಲ್ಲಿ ನಾನು ತಲೆ ತಗ್ಗಿಸಿಯೇ ನಡೆಯುತ್ತೇನೆ. ಗೊತ್ತಿಲ್ಲದವರು ಬಹಳ ವಿನಯವಂತ ಅನ್ನುತ್ತಾರೆ. ಗೊತ್ತಿದ್ದವರು ಏನು ಬಿದ್ದಿದೆ ಎಂದು ಕೇಳುತ್ತಾರೆ.

ಮೊನ್ನೆ ಬೆಳಗಾವಿಯ ಒಂದು ಕಾಲೇಜಿನವರು ಹೊಸದಾಗಿ ಈ ಕೆಲಸಕ್ಕೆ ಹೋಗುವ ಮಕ್ಕಳಿಗೆ ಎರಡು ಮಾತು ಹೇಳಿ ಎಂದು ಕರೆದಿದ್ದರು. ಹತ್ತು ನಿಮಿಷ ಕೊಟ್ಟಿದ್ದರು. ಅದರಲ್ಲಿ ಎಂಟು ನಿಮಿಷ ನನ್ನ ಪರಿಚಯ ಮಾಡಿಕೊಟ್ಟವರೇ ತೆಗೆದುಕೊಂಡರು. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಅವರು ಚೆನ್ನಾಗಿ ಹೇಳಿದ್ದರಿಂದ ಅದನ್ನು ನಾನು ಬಿಟ್ಟುಬಿಡುತ್ತೇನೆ. ಹೇಳದೆ ಉಳಿದದ್ದು ಇಲ್ಲಿದೆ.

ಬೆಳಗಾವಿಯ ಉದ್ಯಮಬಾಗದ ನಮ್ಮ ಕಾರ್ಖಾನೆಯಲ್ಲಿ ಮೊದಲು ನೀರಿನ ಪಂಪಿನ ಭಾಗಗಳು ತಯಾರಾಗುತ್ತಿದ್ದವು. ಆಮೇಲೆ ವಿಮಾನದ ಭಾಗಗಳ ಕೆಲಸ ಬಂತು. ಅಂಗೈಯಷ್ಟು ದೊಡ್ಡದು, ಬೆರಳಷ್ಟು ಸಣ್ಣದು. ರೆಕ್ಕೆಯನ್ನೋ ಚಕ್ರವನ್ನೋ ಎಲ್ಲೋ ಒಂದು ಕಡೆ ಹಿಡಿದಿಡುವ ಅಲ್ಯುಮಿನಿಯಂ ತುಂಡುಗಳು. ಅವನ್ನು ಅಳೆದು, ಸರಿಯಿದೆ ಎಂದು ಸಹಿ ಹಾಕುವುದು ನನ್ನ ಕೆಲಸ. ಇಡೀ ವಿಮಾನವನ್ನು ನಾನು ಹತ್ತಿರದಿಂದ ನೋಡಿಯೂ ಇರಲಿಲ್ಲ. ಆದರೆ ನಮ್ಮ ಅವ್ವ ಓಣಿಯಲ್ಲೆಲ್ಲ ಮಗ ವಿಮಾನ ಮಾಡುತ್ತಾನೆ ಎಂದು ಹೇಳಿಬಿಟ್ಟಿದ್ದಳು. ಅದಾದ ವಾರಕ್ಕೆ ಬಾಜೂ ಮನೆಯ ಮರಾಠಿ ಹೆಂಗಸು ಸಾವಂತ ಕಾಕು ತಮ್ಮ ಪ್ರೆಶರ್ ಕುಕ್ಕರ್ ತಂದಿಟ್ಟರು. ಸೀಟಿ ಹೊಡೆಯುತ್ತಿರಲಿಲ್ಲ. ವಿಮಾನವೂ ಗಾಳಿಯದು, ಕುಕ್ಕರೂ ಗಾಳಿಯದು ಎಂಬುದು ಅವರ ತರ್ಕ. ಒಂದು ಭಾನುವಾರ ಪೂರ್ತಿ ಕೂತು ಬಿಚ್ಚಿದೆ, ಮತ್ತೆ ಜೋಡಿಸಿದೆ. ಸೀಟಿ ಹೊಡೆಯಲು ಶುರುವಾಯಿತು, ನಿಲ್ಲಿಸುವುದು ಯಾರಿಗೂ ಆಗಲಿಲ್ಲ. ಕಾಕು ಆಮೇಲೆ ಎರಡು ತಿಂಗಳು ವಿಮಾನದಲ್ಲಿ ಓಡಾಡುವವರ ಬಗ್ಗೆ ಬಹಳ ಮರುಕದಿಂದ ಮಾತಾಡುತ್ತಿದ್ದರು.

ನಮ್ಮ ಸಾಹೇಬರು ನಾಡಗೌಡ ಅಂತ. ಸಪೂರ ಮನುಷ್ಯ, ತೋಳು ಮಡಚದ ಬಿಳಿ ಅಂಗಿ. ಅವರು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಸಿಟ್ಟು ಬಂದಷ್ಟೂ ದನಿ ತಗ್ಗುತ್ತಿತ್ತು. ಪೂರ್ತಿ ಕೇಳಿಸದೇ ಹೋದರೆ ಆ ದಿನ ಯಾರದೋ ಗ್ರಹಚಾರ ಕೆಟ್ಟಿದೆ ಎಂದು ತಿಳಿಯಬೇಕು.

ವಿಮಾನದ ಮೊದಲನೆಯ ದೊಡ್ಡ ಆರ್ಡರು ಬಂದಾಗ ಡ್ರಾಯಿಂಗು ಓದಿ ಮಶೀನಿನವರಿಗೆ ತಿಳಿಸುವ ಹೊಣೆ ನನ್ನದಾಗಿತ್ತು. ನಮ್ಮ ಕಡೆಯ ಡ್ರಾಯಿಂಗಿನಲ್ಲಿ ವಸ್ತುವನ್ನು ಬಲಗಡೆಯಿಂದ ನೋಡಿದ ಚಿತ್ರವನ್ನು ಎಡಗಡೆ ಬರೆಯುತ್ತಾರೆ. ಆ ಆರ್ಡರು ಕೊಟ್ಟ ದೇಶದವರು ಬಲಗಡೆಯದನ್ನು ಬಲಗಡೆಯೇ ಬರೆಯುತ್ತಾರೆ. ಯಾವ ಪದ್ಧತಿ ಎಂದು ತಿಳಿಸಲು ಹಾಳೆಯ ಮೂಲೆಯಲ್ಲಿ ಕಡಲೆ ಕಾಳಿನಷ್ಟು ಒಂದು ಗುರುತು ಇರುತ್ತದೆ. ಅದರ ಮೇಲೆ ನಾನು ಚಹಾ ಕಪ್ಪು ಇಟ್ಟಿದ್ದೆ.

ನಲವತ್ತು ತುಂಡು ತಯಾರಾದವು. ಒಂದೊಂದೂ ಅಳತೆಗೆ ಕೂದಲೆಳೆ ತಪ್ಪಿಲ್ಲ. ಒಂದೊಂದೂ ಉಲ್ಟಾ. ನಲವತ್ತು ಜನಕ್ಕೆ ಬಲಗಾಲಿನ ಚಪ್ಪಲಿ ಹೊಲಿ ಅಂದರೆ ನಲವತ್ತು ಎಡಗಾಲಿನದು ಹೊಲಿದ ಹಾಗೆ.

ಸಾಹೇಬರು ನನ್ನನ್ನು ಕರೆದು, ಕೈ ತೊಳೆಯುವ ಜಾಗದಲ್ಲಿ ತೂಗುಹಾಕಿದ್ದ ಕನ್ನಡಿಯನ್ನು ಬಿಚ್ಚಿ ತರಲು ಹೇಳಿದರು. ತಂದೆ. ಒಂದು ತುಂಡನ್ನು ಅದರ ಮುಂದೆ ಹಿಡಿದರು.

"ನೋಡು ಶಿವಾನಂದ, ಕನ್ನಡಿಯೊಳಗ ಎಲ್ಲಾ ಬರೋಬ್ಬರಿ ಅದಾವ."

"ಹೌದ್ರಿ."

"ಹಂಗಾರ ಡಬ್ಬಿಗೊಂದೊಂದು ಕನ್ನಡಿ ಇಟ್ಟು ಕಳಸೂಣೇನು?"

ಅಷ್ಟು ಮೆಲ್ಲಗೆ ಹೇಳಿದ್ದರಿಂದ ಅದು ಸಿಟ್ಟು ಎಂದು ನನಗೆ ತಿಳಿಯಬೇಕಿತ್ತು. ಹೆದರಿಕೆಯಲ್ಲಿ ತಲೆ ಓಡಲಿಲ್ಲ. ಪೆನ್ನು ತೆಗೆದು, ಎಷ್ಟು ಸೈಜಿನ ಕನ್ನಡಿ ತರಿಸಲಿ ಎಂದು ಕೇಳಿದೆ. ಸಾಹೇಬರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟು ಹೊರಗೆ ಹೋದರು.

ತಿರಸ್ಕೃತ ತುಂಡನ್ನು ಹಾಗೇ ಬಿಡುವಂತಿಲ್ಲ. ತಪ್ಪಿ ಯಾರಾದರೂ ಬಳಸಿಯಾರೆಂದು ಕೆಂಪು ಬಣ್ಣ ಬಳಿದು ಗರಗಸದಿಂದ ಎರಡು ಹೋಳು ಮಾಡಬೇಕು. ಆ ಕೆಲಸವನ್ನು ಸಾಹೇಬರು ನನಗೇ ವಹಿಸಿದರು. ಎರಡು ದಿನ ಕೊಯ್ದೆ. ನಂತರ ಆರ್ಡರಿನವರಿಗೆ ಪತ್ರ ಬರೆಯಬೇಕಾಯಿತು. ಕೆಲವು ಭಾಗಗಳಲ್ಲಿ ತಪ್ಪು ಉಂಟಾಗಿರುವುದು ಕಂಡುಬಂದಿದೆ ಎಂದು ಗಂಭೀರವಾಗಿ ಬರೆದು ಒಯ್ದೆ. ಸಾಹೇಬರು ಆ ಸಾಲು ಹೊಡೆದು ಹಾಕಿದರು.

"ತಪ್ಪು ತಾನs ಆಗೂದಿಲ್ಲ, ಯಾರರ ಮಾಡಿರ್ತಾರ. ಯಾರು ಮಾಡಿದ್ರು ಅಂತ ಬರಿ."

ಬರೆದೆ. ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಸುಮಿತ್ರಾಗೆ ಎಲ್ಲ ಹೇಳಿದೆ. ಅವಳು ಖಾನಾಪುರದ ಪ್ರಾಥಮಿಕ ಶಾಲೆಯ ಶಿಕ್ಷಕಿ. ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, ಒಂದನೇ ಕ್ಲಾಸಿನ ಮಕ್ಕಳು ಅಕ್ಷರವನ್ನು ಹೀಗೇ ತಿರುಗಾ ಮುರುಗಾ ಬರೆಯುತ್ತಾರೆ, ಎರಡನೇ ಕ್ಲಾಸಿಗೆ ಹೋಗುವುದರಲ್ಲಿ ಸುಧಾರಿಸುತ್ತಾರೆ ಎಂದು ಸಮಾಧಾನ ಹೇಳಿದಳು. ಆಗ ನನಗೆ ಮೂವತ್ತೊಂಬತ್ತು ವರ್ಷ.

ಇಷ್ಟಕ್ಕೇ ನಾನು ಸುಧಾರಿಸಿದೆ ಎಂದುಕೊಳ್ಳಬೇಡಿ. ಗೇಜಿನ ಪ್ರಕರಣ ಆಮೇಲಿನದು.

ತೂತಿನ ಅಳತೆ ನೋಡಲು ಪ್ಲಗ್ ಗೇಜು ಅಂತ ಇರುತ್ತದೆ. ಬೆರಳುದ್ದದ, ಹೆಬ್ಬೆರಳು ದಪ್ಪದ ಉಕ್ಕಿನ ತುಂಡು. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಅಷ್ಟೇ ಅದರ ವಿದ್ಯೆ, ಆದರೆ ಆ ವಿದ್ಯೆಯಲ್ಲಿ ಅದು ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಪ್ರತಿಯೊಂದು ಉಪಕರಣಕ್ಕೂ ಗೋಡೆಯ ಹಲಗೆಯ ಮೇಲೆ ಅದರ ಆಕಾರದ ಗುರುತು ಬರೆದಿರುತ್ತದೆ. ಪಾಳಿ ಶುರುವಾಗುವಾಗ ಒಂದು ಗುರುತು ಖಾಲಿ ಕಂಡರೂ ಕೆಲಸ ನಿಲ್ಲುತ್ತದೆ. ಯಾಕೆಂದರೆ ಕಳೆದದ್ದು ಎಲ್ಲಿ ಹೋಗಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ತಯಾರಾದ ಮಾಲಿನೊಳಗೇ ಸೇರಿ ವಿಮಾನದೊಳಗೆ ಹೋಗಿ ಕೂತರೆ ಏನಾದೀತು ಎಂದು ಹೇಳಬೇಕಿಲ್ಲ.

ಒಂದು ಸೋಮವಾರ ಗೇಜಿನ ಗುರುತು ಖಾಲಿ ಇತ್ತು. ಕಳಿಸಲು ಮೊಳೆ ಹೊಡೆದಿಟ್ಟಿದ್ದ ಹನ್ನೆರಡು ಪೆಟ್ಟಿಗೆಗಳನ್ನು ಒಡೆದು ಒಂದೊಂದೇ ತುಂಡು ತೆಗೆದು ನೋಡಿದೆವು. ಮಶೀನುಗಳ ಹೊಟ್ಟೆ ಬಿಚ್ಚಿದೆವು. ಕಸದ ಡಬ್ಬಿ ಸೋಸಿದೆವು. ಅದನ್ನು ಕೊನೆಗೆ ತೆಗೆದುಕೊಂಡವರು ಯಾರೆಂದು ಪುಸ್ತಕದಲ್ಲಿ ನೋಡಿದರೆ ಪರಶುರಾಮನ ಹೆಸರಿತ್ತು.

ಪರಶುರಾಮ ದೇಸೂರಿನವನು, ನಮ್ಮಲ್ಲಿ ಎಲ್ಲರಿಗಿಂತ ನಾಜೂಕಿನ ಮಶೀನಿನವನು. ಮನೆಮಾತು ಮರಾಠಿ, ನಮ್ಮೊಡನೆ ಮಾತಾಡುವುದು ಬೆಳಗಾವಿಯ ಕನ್ನಡ. ಶನಿವಾರ ಗೇಜನ್ನು ನನ್ನ ಕೈಗೇ ಕೊಟ್ಟಿದ್ದೆ ಎಂದ. ಕೊಟ್ಟಿಲ್ಲ ಎಂದೆ. ಕೊಟ್ಟಿದ್ದೇನೆ ಎಂದ. ಎಲ್ಲರ ಎದುರಿಗೆ ನಾನು ಅವನಿಗೆ, ಬೇಜವಾಬ್ದಾರಿ ಮಾಡಿ ಮೇಲೆ ಸುಳ್ಳೂ ಹೇಳಬೇಡ ಎಂದೆ. ಅವನು ಕೈ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಚಿದ. ಮೇಲಿನವರು ಅವನನ್ನು ಮಶೀನಿನಿಂದ ಇಳಿಸಿ ಕೂರಿಸಿದರು. ಗೇಜು ಸಿಗದಿದ್ದರೆ ಅವನ ಕೆಲಸವೇ ಹೋಗುವ ಮಾತು ನಡೆದಿತ್ತು.

ಮಂಗಳವಾರ ಸಂಜೆ ಸೋತು ಮನೆಗೆ ಬಂದೆ. ಅವ್ವ ಚಹಾ ಕೊಟ್ಟಳು. ಒಂದು ಗುಟುಕು ಕುಡಿದೆ. ಎರಡು ದಿನದಲ್ಲಿ ಮೊದಲ ಸಲ ನಾಲಿಗೆಗೆ ರುಚಿ ಹತ್ತಿತು. ಏನು ಹಾಕಿದ್ದೀ, ಇವತ್ತು ಚಹಾ ಬೇರೆಯೇ ಆಗಿದೆ ಎಂದು ಕೇಳಿದೆ.

"ಯಾಲಕ್ಕಿ ಅದs ತಮ್ಮಾ. ನೀ ತಂದ ಕಡ್ಡಿ ಭಾಳ ಛಲೋ ಐತಿ ನೋಡು. ಎರಡು ಏಟಿಗೆ ಪುಡಿ ಆಗತೈತಿ."

"ಯಾವ ಕಡ್ಡಿ?"

"ನಿನ್ನ ಅಂಗಿ ಕಿಸೇದಾಗ ಇತ್ತಲ್ಲ. ತೊಳಿಯಾಕ ಹಾಕೂವಾಗ ಸಿಕ್ತು."

ಅಡುಗೆಮನೆಗೆ ಹೋದೆ. ಕಲ್ಲಿನ ಸಣ್ಣ ಒರಳಿನಲ್ಲಿ ಗೇಜು ನೆಟ್ಟಗೆ ನಿಂತಿತ್ತು. ಹೋಗಬೇಕಾದ ತುದಿ ಕೆಳಗೆ, ಹೋಗಬಾರದ ತುದಿ ಮೇಲೆ. ವಿದೇಶದಿಂದ ತರಿಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಬರಿಗೈಯಲ್ಲಿ ಹೆಚ್ಚು ಹೊತ್ತು ಹಿಡಿಯಬಾರದು ಎಂದು ನಾನೇ ಎಲ್ಲರಿಗೂ ಪಾಠ ಮಾಡುತ್ತಿದ್ದ ಗೇಜು. ಮೈಯೆಲ್ಲ ಹಸಿರು ಪುಡಿ. ಶನಿವಾರ ಪರಶುರಾಮ ಅದನ್ನು ಕೊಟ್ಟಿದ್ದ, ನಾನು ಕಿಸೆಗೆ ಹಾಕಿಕೊಂಡಿದ್ದೆ, ಬಸ್ಸಿನ ವೇಳೆಯಾಯಿತೆಂದು ಓಡಿದ್ದೆ. ಎಲ್ಲ ಒಂದೇ ಸಲ ನೆನಪಾಯಿತು.

ನಾನು ತಕ್ಷಣ ಸತ್ಯ ಹೇಳಲು ಓಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಖರೇ ಹೇಳಬೇಕೆಂದರೆ, ಮೊದಲು ಹೊಳೆದದ್ದು ಬೇರೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗುವುದು, ಯಾವುದಾದರೂ ಮಶೀನಿನ ಹಿಂದೆ ಗೇಜು ಇಡುವುದು, ಹತ್ತು ನಿಮಿಷ ಬಿಟ್ಟು ಸಿಕ್ಕಿತು ಎಂದು ಕೂಗುವುದು. ಎಲ್ಲರಿಗೂ ಸಂತೋಷ. ಗೇಜನ್ನು ತಿಕ್ಕಿ ತಿಕ್ಕಿ ತೊಳೆಯುತ್ತ ಈ ಯೋಜನೆಯನ್ನು ಸುಮಿತ್ರಾಗೆ ಹೇಳಿದೆ. ಅವಳು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಮಶೀನ್ ಹಿಂದ ಸಿಕ್ತು ಅಂದ್ರ ಯಾರು ಬೀಳಿಸಿದ್ರು ಅಂತಾರ್ರಿ?"

ಅವಳು ಇನ್ನೊಂದು ಪುಸ್ತಕ ತೆಗೆದುಕೊಂಡಳು.

"ಗೇಜು ಸಿಗತೈತಿ. ಆದ್ರ ಅಂವ ಸುಳ್ಳ ಅನ್ನೂದು ಹಂಗs ಉಳೀತೈತಿ."

ಮರುದಿನ ಬೆಳಿಗ್ಗೆ ಬೆಳಗಾವಿ ಬಸ್ಸಿನಲ್ಲಿ ಗೇಜನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕೂತಿದ್ದೆ. ದೇಸೂರಿನಲ್ಲಿ ಪರಶುರಾಮ ಹತ್ತಿದ. ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವನು ನೋಡಿ, ಕಂಬಿ ಹಿಡಿದು ನಿಂತ. ನಾನೇ ಎದ್ದು ಅವನ ಹತ್ತಿರ ಹೋಗಿ ಗೇಜು ಸಿಕ್ಕಿತು ಎಂದೆ. ಅವನ ಮುಖದ ಮೇಲೆ ಎರಡು ದಿನದ ಗಡ್ಡವಿತ್ತು. ಎಲ್ಲಿ ಎಂದು ಕೇಳಿದ. ನಮ್ಮ ಮನೆಯಲ್ಲಿ ಎಂದೆ. ಅವನು ಕರವಸ್ತ್ರ ಬಿಚ್ಚಿ, ಗೇಜನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮೂಗಿನ ಹತ್ತಿರ ತಂದ.

"ಇದಕ್ಕ ವೇಲಚಿ ವಾಸನಿ ಬರಾಕತ್ತೈತಲ್ರಿ ಸಾಹೇಬ್ರ."

ಮರಾಠಿಯಲ್ಲಿ ಯಾಲಕ್ಕಿಗೆ ವೇಲಚಿ ಅನ್ನುತ್ತಾರೆ. ನಾನು ಎಲ್ಲ ಹೇಳಿದೆ. ಅವನು ನಗಲಿಲ್ಲ, ಬೈಯಲಿಲ್ಲ, ಉದ್ಯಮಬಾಗ ಬರುವ ತನಕ ಕಿಟಕಿಯಾಚೆ ನೋಡುತ್ತ ನಿಂತ. ಬೈದಿದ್ದರೆ ಬೇಕಾಗಿತ್ತು.

ಪಾಳಿ ಶುರುವಾಗುವ ಮೊದಲು ಎಲ್ಲರೂ ಸೇರಿದ್ದಾಗ ನಾನು ಮುಂದೆ ನಿಂತು ಹೇಳಿದೆ. ಗೇಜು ನನ್ನ ಕಿಸೆಯಲ್ಲಿತ್ತು, ತಪ್ಪು ನನ್ನದು, ಪರಶುರಾಮ ಹೇಳಿದ್ದೇ ಖರೆ, ಎಲ್ಲರೆದುರು ಅವನನ್ನು ಸುಳ್ಳುಗಾರ ಅಂದಿದ್ದೆ, ಈಗ ಎಲ್ಲರೆದುರೇ ಕ್ಷಮೆ ಕೇಳುತ್ತೇನೆ ಎಂದೆ. ಗೇಜನ್ನು ಮನೆಯಲ್ಲಿ ಏನು ಮಾಡಿದಿರಿ ಎಂದು ಹಿಂದಿನಿಂದ ಯಾರೋ ಕೇಳಿದರು. ಯಾಲಕ್ಕಿಯ ವಿಷಯ ಹೇಳಲೇಬೇಕಾಯಿತು. ಆ ನಗು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ ತಿರುಗಿ ಬಂತು. ನಾಡಗೌಡ ಸಾಹೇಬರು ಮಾತ್ರ ನಗದೆ ತುಟಿ ಅಲ್ಲಾಡಿಸಿದರು. ಏನಂದರೋ ಕೇಳಿಸಲಿಲ್ಲ. ನನಗೆ ಅರ್ಥವಾಯಿತು.

ನನ್ನ ಮೇಲೆ ಮೆಮೋ ಬಂತು, ಗೇಜು ಗುಜರಿಗೆ ಹೋಯಿತು. ಕೆಂಪು ಬಣ್ಣ ಬಳಿದು ಅದನ್ನೂ ನಾನೇ ಕೊಯ್ದೆ. ಆಮೇಲೆ ವರದಿ ಬರೆಯಬೇಕು. ನಮ್ಮಲ್ಲಿ ಒಂದು ಪದ್ಧತಿ ಇದೆ: ಯಾಕೆ, ಯಾಕೆ ಎಂದು ಐದು ಸಲ ಕೇಳಿ ತಪ್ಪಿನ ಬೇರು ಹುಡುಕಬೇಕು. ಗೇಜು ಯಾಕೆ ಹಾಳಾಯಿತು? ಯಾಲಕ್ಕಿ ಕುಟ್ಟಿದ್ದರಿಂದ. ಯಾಕೆ ಕುಟ್ಟಿದರು? ಮನೆಯಲ್ಲಿ ಸಿಕ್ಕಿದ್ದರಿಂದ. ಮನೆಗೆ ಯಾಕೆ ಹೋಯಿತು? ಕಿಸೆಯಲ್ಲಿದ್ದುದರಿಂದ. ಕಿಸೆಯಲ್ಲಿ ಯಾಕೆ ಇತ್ತು? ಅಂಗಿಗೆ ಕಿಸೆ ಇದ್ದುದರಿಂದ. ಐದನೆಯ ಯಾಕೆಯೇ ಬೇಕಾಗಲಿಲ್ಲ. ಮುಂದಿನ ತಿಂಗಳಿನಿಂದ ಕಾರ್ಖಾನೆಯಲ್ಲಿ ಯಾರ ಅಂಗಿಗೂ ಕಿಸೆ ಇಲ್ಲ. ಈಗಿನ ಮಕ್ಕಳು ಮೊಬೈಲ್ ಎಲ್ಲಿಡಬೇಕು ಎಂದು ಗೊಣಗುತ್ತಾರಂತೆ. ಮಕ್ಕಳೇ, ಬೈಯುವುದಿದ್ದರೆ ನನ್ನನ್ನು ಬೈಯಿರಿ, ನಮ್ಮ ಅವ್ವನನ್ನು ಬೇಡ.

ಪರಶುರಾಮ ಮೂರು ವಾರ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ನಾಲ್ಕನೆಯ ಭಾನುವಾರ ಖಾನಾಪುರಕ್ಕೆ ಏನೋ ಕೆಲಸಕ್ಕೆ ಬಂದವನು ಮನೆ ಹುಡುಕಿಕೊಂಡು ಬಂದ. ಅವ್ವನನ್ನು ನೋಡಬೇಕು ಎಂದ. ಅವ್ವ ಅವನನ್ನು ಕೂರಿಸಿ, ನಿನ್ನ ಕಡ್ಡಿ ನಾನೇ ತಗೊಂಡಿದ್ದೆ, ಸಿಟ್ಟು ಮಾಡಿಕೊಳ್ಳಬೇಡ ಎಂದು ತನಗೆ ಬರುವ ಮರಾಠಿಯಲ್ಲಿ ಹೇಳಿ ಚಹಾ ಕೊಟ್ಟಳು. ಅವನು ಕುಡಿದು, ಗೇಜಿನಿಂದ ಕುಟ್ಟಿದ ಚಹಾ ಇದಕ್ಕಿಂತ ಚೆನ್ನಾಗಿತ್ತೇ ಎಂದು ಕೇಳಿದ. ಅವ್ವ ನಿಜವಾಗಿಯೂ ಯೋಚನೆ ಮಾಡಿದಳು.

"ಅದರ ರುಚೀನs ಬ್ಯಾರೆ ಇತ್ತೆಪ್ಪಾ."

ಆಗ ನಕ್ಕ. ಅವನು ನಗುವುದಕ್ಕಾಗಿ ಮೂರು ವಾರ ಕಾದಿದ್ದೆ. ಆಮೇಲೆ ನಾನು ನಿವೃತ್ತನಾಗುವ ತನಕ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ದೇಸೂರಿನವರೆಗೆ ಚೀಲಕ್ಕೆ, ಅಲ್ಲಿಂದ ಮುಂದೆ ಪರಶುರಾಮನಿಗೆ.

ಕೆಲಸದ ಕೊನೆಯ ಏಳೆಂಟು ವರ್ಷಗಳಲ್ಲಿ ಎಲ್ಲ ಬದಲಾಯಿತು. ಕಲ್ಲಿನ ಮೇಜಿನ ಮೇಲೆ ತುಂಡು ಇಟ್ಟು ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದವರಿಗೆ ತಾನೇ ಅಳೆಯುವ ದೊಡ್ಡ ಯಂತ್ರ ಬಂತು. ಅದರ ತೋಳಿನ ತುದಿಯಲ್ಲಿ ಸಣ್ಣ ಕೆಂಪು ಮಣಿ. ತುಂಡನ್ನು ಅಲ್ಲಲ್ಲಿ ಮುಟ್ಟಿ ಕಂಪ್ಯೂಟರಿಗೆ ಅಳತೆ ಹೇಳುತ್ತದೆ. ನಾನು ಅರ್ಧ ದಿನ ಮಾಡುವುದನ್ನು ಹತ್ತು ನಿಮಿಷಕ್ಕೆ ಮುಗಿಸುತ್ತಿತ್ತು. ಮೊದಮೊದಲು ಹೊಟ್ಟೆಕಿಚ್ಚಿನಿಂದ ಅದು ಅಳೆದದ್ದನ್ನೆಲ್ಲ ಮತ್ತೆ ಕೈಯಿಂದ ಅಳೆದೆ. ಪ್ರತಿ ಸಲವೂ ಅದೇ ಸರಿ. ಒಂದು ಸಲ ನಾನು ಸರಿ ಬಂದೆ, ಊರಿಗೆಲ್ಲ ಹೇಳಿದೆ. ಆಮೇಲೆ ನೋಡಿದರೆ ಬೇರೆ ತುಂಡು ಅಳೆದಿದ್ದೆ.

ಯಂತ್ರದ ಕೋಣೆ ಯಾವಾಗಲೂ ಇಪ್ಪತ್ತು ಡಿಗ್ರಿಯಲ್ಲಿ ಇರಬೇಕು. ಲೋಹ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಅಳತೆ ಹೆಚ್ಚುಕಡಿಮೆಯಾಗುತ್ತದೆ. ಯಂತ್ರಕ್ಕೆ ಅದು ಹಿತ, ನನ್ನ ಮೂಳೆಗೆ ಅಲ್ಲ. ಎಂಟು ತಾಸು ಅದರೊಳಗೆ ಕೂತು ಕೂತು ಶೀತವಾಯಿತು. ಸುಮಿತ್ರಾ ದಪ್ಪ ಸ್ವೆಟರ್ ಹೆಣೆದು ಕೊಟ್ಟಳು, ಅದರ ಮೇಲೆ ಮಂಗನ ಟೋಪಿ. ಮೇ ತಿಂಗಳಲ್ಲಿ, ನಾಯಿಗಳೂ ನೆರಳು ಹುಡುಕುವ ಬಿಸಿಲಿನಲ್ಲಿ, ಸ್ವೆಟರ್ ಹಾಕಿಕೊಂಡು ಟೋಪಿ ಕಂಕುಳಲ್ಲಿಟ್ಟುಕೊಂಡು ನಾನು ಖಾನಾಪುರದ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಚೀಲದಲ್ಲಿ ಒಯ್ಯಬಹುದಿತ್ತು. ಚೀಲದಲ್ಲಿ ಊಟದ ಡಬ್ಬಿಯ ಎಣ್ಣೆ ಸೋರಿ ಸ್ವೆಟರಿಗೆ ಹತ್ತಿದರೆ ಆ ಎಣ್ಣೆ ನನ್ನಿಂದ ತುಂಡಿಗೆ ಹತ್ತುತ್ತದೆ ಎಂಬ ಭಯ. ಹೆಂಡತಿಗೆ ಹೇಳಿದರೆ ನಗುತ್ತಾಳೆಂದು ಇದನ್ನು ಯಾರಿಗೂ ಹೇಳಿರಲಿಲ್ಲ.

ಸಾವಂತ ಕಾಕು ಒಂದು ದಿನ ದಾರಿಯಲ್ಲಿ ನಿಲ್ಲಿಸಿ ತಾಪ ಆಹೇ ಕಾ ಎಂದು ಕೇಳಿದರು. ಜ್ವರವಿಲ್ಲ, ಕೆಲಸಕ್ಕೆ ಹೊರಟಿದ್ದೇನೆ ಎಂದೆ. ಆ ಉತ್ತರ ಅವರಿಗೆ ಜ್ವರಕ್ಕಿಂತ ಅಪಾಯಕಾರಿ ಅನ್ನಿಸಿರಬೇಕು. ಅವ್ವ ದಿನಾ ಕಷಾಯ ಕುಡಿಸತೊಡಗಿದಳು.

ಅದೇ ಹೊತ್ತಿಗೆ ಮಗಳು ಅಕ್ಷತಾಗೆ ನಂದಗಡದ ಒಂದು ಸಂಬಂಧ ಬಂದಿತ್ತು. ಹುಡುಗ ಹೈದರಾಬಾದಿನ ಬ್ಯಾಂಕಿನಲ್ಲಿ, ತಂದೆಯದು ನಂದಗಡದಲ್ಲಿ ಬಟ್ಟೆ ಅಂಗಡಿ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಅಷ್ಟರಲ್ಲಿ ಆ ಕಡೆಯಿಂದ ಫೋನು ನಿಂತಿತು. ಅಕ್ಷತಾ ಏನೂ ಆಗದವಳಂತೆ ಓಡಾಡುತ್ತಿದ್ದಳು, ಆದರೆ ಊಟದ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ವಾರದ ಮೇಲೆ ಗೊತ್ತಾಯಿತು, ಹುಡುಗಿಯ ತಂದೆಗೆ ಯಾವುದೋ ಬಿಡದ ಚಳಿರೋಗವಿದೆ ಎಂದು ನಂದಗಡಕ್ಕೆ ಸುದ್ದಿ ಹೋಗಿತ್ತು.

ನಾನು ರಜೆ ಹಾಕಿ ನಂದಗಡಕ್ಕೆ ಹೋದೆ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು, ಲೋಹ, ಬಿಸಿ, ಇಪ್ಪತ್ತು ಡಿಗ್ರಿ ಎಲ್ಲ ವಿವರಿಸಿದೆ. ಒಂದು ಮೀಟರಿನ ಅಲ್ಯುಮಿನಿಯಂ ಪಟ್ಟಿ ಮೂರ್ನಾಲ್ಕು ಡಿಗ್ರಿ ಹೆಚ್ಚಾದರೆ ತಲೆಗೂದಲಿನ ದಪ್ಪದಷ್ಟು ಹಿಗ್ಗುತ್ತದೆ, ಅದಕ್ಕೇ ಸ್ವೆಟರ್ ಎಂದೆ. ಹುಡುಗನ ತಂದೆ ಗಲ್ಲದ ಮೇಲೆ ಕೈಯಿಟ್ಟು ಕೇಳಿದರು. ಅಂಗಡಿಯ ಮೀಟರ್ ಪಟ್ಟಿಯನ್ನು ಎತ್ತಿ ಒಮ್ಮೆ ನೋಡಿದರು. ಬಿಸಿಲಿಗೆ ಇಟ್ಟಿದ್ದರೆ ಇದು ಉದ್ದವಾಗಿರುತ್ತದೆಯೋ ಎಂದರು. ಹೌದು, ಅಷ್ಟು ಬಟ್ಟೆ ಗಿರಾಕಿಗೆ ಹೆಚ್ಚಿಗೆ ಹೋಗುತ್ತದೆ ಎಂದೆ. ಅವರು ಎದ್ದು ಪಟ್ಟಿಯನ್ನು ನೆರಳಿಗೆ ಇಟ್ಟು ಬಂದರು.

"ಬೀಗರ, ಇಷ್ಟು ಹುಷಾರಿ ಮನಿ ಹುಡುಗಿನ ಬಿಟ್ಟರ ನಾವs ಹುಚ್ಚರು."

ಆ ಮದುವೆಯಲ್ಲಿ ಬೀಗರು ನನಗೆ ಆಹೇರಿ ಎಂದು ಕೊಟ್ಟ ಉಡುಗೊರೆ ಉಣ್ಣೆಯ ಶಾಲು. ಪರಶುರಾಮ ಊಟದ ಪಂಕ್ತಿಯಲ್ಲಿ ನಕ್ಕು ನಕ್ಕು ಪಾಯಸ ಚೆಲ್ಲಿದ.

ನಿವೃತ್ತಿಯ ದಿನದ ಭಾಷಣಗಳನ್ನು ಬಿಡುತ್ತೇನೆ, ಎಲ್ಲರಿಗೂ ಒಂದೇ ತರಹದ್ದು. ಅವ್ವ ಆ ವರ್ಷವೇ ತೀರಿಕೊಂಡಳು. ಮನೆಯಲ್ಲಿ ನಾನು, ಸುಮಿತ್ರಾ. ಅವಳೂ ನಿವೃತ್ತಳಾಗಿದ್ದಳು. ಹೈದರಾಬಾದಿನಲ್ಲಿ ಮೊಮ್ಮಗಳ ಮೊದಲ ಹುಟ್ಟುಹಬ್ಬ ಬಂತು. ರಜೆಯ ದಿನಗಳು, ರೈಲಿನಲ್ಲಿ ಜಾಗವಿಲ್ಲ. ಅಕ್ಷತಾ ನಮ್ಮನ್ನು ಕೇಳದೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನದ ಟಿಕೆಟು ತೆಗೆಸಿ ಕಳಿಸಿದಳು.

ಸುಮಿತ್ರಾ ಬರುವುದಿಲ್ಲ ಎಂದಳು. ನನಗೆ ಆಶ್ಚರ್ಯ. ಕಾರಣ ಕೇಳಿದರೆ ನಾನೇ ಕಾರಣ. ಇಪ್ಪತ್ತೆರಡು ವರ್ಷ ರಾತ್ರಿಯೂಟದ ಹೊತ್ತಿಗೆ ನಾನು ಹೇಳುತ್ತಿದ್ದ ಸುದ್ದಿ ಏನು? ಇವತ್ತು ಒಂದು ತುಂಡಿನಲ್ಲಿ ಬಿರುಕು ಕಂಡಿತು, ನಿನ್ನೆ ಒಂದು ತೂತು ಓರೆಯಾಗಿತ್ತು, ನಾಳೆ ಏನಾಗುತ್ತದೋ. ಸರಿಯಿದ್ದ ಸಾವಿರಾರು ತುಂಡುಗಳ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನನ್ನ ಒಂದೇ ಒಂದು ಗಂಭೀರ ಸಲಹೆ ಇದು: ಮನೆಯಲ್ಲಿ ಸರಿಯಿದ್ದದ್ದನ್ನೂ ಸ್ವಲ್ಪ ಹೇಳಿ. ಮೂರು ದಿನ ಅವಳನ್ನು ಒಪ್ಪಿಸಲು ನೋಡಿದೆ. ಕೊನೆಗೆ ಮೊಮ್ಮಗಳ ಫೋಟೋ ಗೆದ್ದಿತು.

ವಿಮಾನ ಸಣ್ಣದು, ಎರಡೂ ಬದಿಗೆ ಪಂಕಾ. ಕಿಟಕಿಯ ಪಕ್ಕ ಅವಳು, ಈ ಪಕ್ಕ ನಾನು. ಪಂಕಾ ತಿರುಗಲು ಶುರುವಾದಾಗ ಇಡೀ ವಿಮಾನ ನಡುಗಿತು. ಮಶೀನುಗಳಿಂದ ನನಗೆ ಗೊತ್ತಿದ್ದ ನಡುಕವೇ. ಆದರೂ ಅಭ್ಯಾಸಬಲದಿಂದ ತಲೆ ಓರೆ ಮಾಡಿ ಕಿವಿಗೊಟ್ಟೆ. ಅದನ್ನು ಕಂಡು ಸುಮಿತ್ರಾ ನನ್ನ ಮಣಿಕಟ್ಟು ಹಿಡಿದಳು. ಅವಳ ಕೈ ಇಪ್ಪತ್ತು ಡಿಗ್ರಿಗಿಂತ ತಣ್ಣಗಿತ್ತು.

"ಇದರಾಗ ನೀವು ನೋಡಿದ್ದು ಏನರ ಐತೇನ್ರಿ?"

ನಾವು ಮಾಡುತ್ತಿದ್ದ ಭಾಗಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಅವು ಬೇರೆ ಜಾತಿಯ, ದೊಡ್ಡ ವಿಮಾನಗಳಿಗೆ. ಇದರಲ್ಲಿ ನನ್ನ ಒಂದು ತುಂಡೂ ಇರಲು ಸಾಧ್ಯವಿರಲಿಲ್ಲ.

"ಐತಿ" ಎಂದೆ.

"ಎಲ್ಲಿ?"

"ಆ ರೆಕ್ಕಿ ಬುಡಕ. ಒಳಗ ಐತಿ, ಕಾಣೂದಿಲ್ಲ. ನಾನs ಅಳದಿದ್ದು."

ಅವಳು ನನ್ನನ್ನು ನೋಡಿದಳು. ಮೂವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದ ಶಿಕ್ಷಕಿಯ ನೋಟ. ಮುಂದಿನ ಸೀಟಿನ ಚೀಲದಲ್ಲಿದ್ದ, ವಾಂತಿ ಬಂದರೆ ಬಳಸುವ ಕಾಗದದ ಕೊಟ್ಟೆಯನ್ನು ತೆಗೆದು, ಪರ್ಸಿನಿಂದ ಪೆನ್ನು ತೆಗೆದು, ಎರಡನ್ನೂ ನನ್ನ ತೊಡೆಯ ಮೇಲಿಟ್ಟಳು.

"ಹಂಗಾರ ಸಹಿ ಮಾಡಿ ಕೊಡ್ರಿ."

ಮೂವತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ, ಪಂಪಿನ ಕಾಲವೂ ಸೇರಿ, ಅಳೆಯದ ವಸ್ತುವಿಗೆ ನಾನು ಸಹಿ ಹಾಕಿದವನಲ್ಲ. ಪೆನ್ನು ಹಿಡಿದು ಕೂತೆ. ವಿಮಾನ ಓಡತೊಡಗಿತು. ಸುಮಿತ್ರಾ ಕಣ್ಣು ಮುಚ್ಚಿಕೊಂಡಳು, ತುಟಿ ಬೆಳ್ಳಗಾಗಿತ್ತು. ಕಾಗದದ ಕೊಟ್ಟೆಯ ಮೇಲೆ, ಪರೀಕ್ಷಿಸಲಾಗಿದೆ, ಎಲ್ಲ ಸರಿಯಿದೆ ಎಂದು ಬರೆದು, ತಾರೀಖು ಹಾಕಿ, ಪೂರ್ತಿ ಹೆಸರಿನ ಸಹಿ ಮಾಡಿ, ಪೆನ್ನಿನೊಡನೆ ಅವಳ ಕೈಯಲ್ಲಿಟ್ಟೆ. ನೆಲ ಬಿಟ್ಟೆವು. ಅವಳು ಅದನ್ನು ಮಡಚಿ ಹೈದರಾಬಾದಿನ ತನಕ ಮುಷ್ಟಿಯಲ್ಲಿ ಹಿಡಿದೇ ಕೂತಳು. ನಡುವೆ ಎಲ್ಲೋ ಮೋಡ ಸರಿದಾಗ ಕಣ್ಣು ತೆರೆದು ಕೆಳಗೆ ನೋಡಿ, ಹೊಲಗಳು ನಕಾಶೆಯಂತೆ ಕಾಣುತ್ತವೆ ಎಂದು ಹೇಳಿದಳು.

ಇಳಿದು, ಚೀಲಗಳು ಬರಲೆಂದು ಕಾಯುತ್ತ ನಿಂತಿದ್ದಾಗ ಪೆನ್ನನ್ನು ಪರ್ಸಿಗೆ ಹಾಕಿ, ಆ ಕಾಗದವನ್ನು ನನಗೆ ವಾಪಸು ಕೊಟ್ಟಳು. ನನ್ನದು ಸುಳ್ಳು ಎಂದು ಗೊತ್ತಿತ್ತೇ ಎಂದು ಕೇಳಿದೆ. ಬರೆಯುವ ಮುಂಚೆಯೇ ಗೊತ್ತಿತ್ತು ಎಂದಳು. ಮತ್ತೆ ಯಾಕೆ ಹಿಡಿದುಕೊಂಡು ಕೂತೆ ಎಂದರೆ ಗಾಜಿನಾಚೆ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ಅಕ್ಷತಾಳತ್ತ ಕೈ ಬೀಸುತ್ತ ಮುಂದೆ ಹೋದಳು. ಕಾಗದ ಬಿಚ್ಚಿ ನೋಡಿದೆ. ನನ್ನ ಸಹಿಯ ಕೆಳಗೆ, ಮಕ್ಕಳ ಕಾಪಿ ಪುಸ್ತಕದಲ್ಲಿ ಬರೆಯುವ ಅದೇ ದುಂಡಗಿನ ಅಕ್ಷರದಲ್ಲಿ, 'ನೋಡಿದೆ' ಎಂದು ಬರೆದು ಅವಳೂ ಸಹಿ ಮಾಡಿದ್ದಳು.